ಕೂರುವ ನೆಲ, ಬೆಳಗುವ ದೀಪ

ಮುಧೋಳದಿಂದ ಲೋಕಾಪುರ, ಯರಗಟ್ಟಿ ದಾಟಿ ಬೈಲಹೊಂಗಲದ ಕಡೆ ಹೊರಟರೆ ಆ ತಾಲ್ಲೂಕಿನಲ್ಲಿ ದೇಶನೂರು ಎಂಬ ಊರಿದೆ. ಅಲ್ಲೊಂದು ವಿರಕ್ತ ಮಠ. ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಮಠವಿಲ್ಲದ ದೊಡ್ಡ ಊರು ಸಿಗುವುದೇ ಅಪರೂಪವಾದ್ದರಿಂದ ಇದರಲ್ಲೇನು ವಿಶೇಷ ಎನಿಸಬಹುದು. ವಿಶೇಷವಿರುವುದು ಹೆಸರಿನಲ್ಲಿ: ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಸ್ನಾನಿಕ ಅರುಳಪ್ಪ ಎಂದರೆ ಯೇಸುವಿಗೆ ಜೋರ್ಡಾನ್ ನದಿಯಲ್ಲಿ ದೀಕ್ಷಾಸ್ನಾನ ಕೊಟ್ಟ ಸಂತ ಯೋವಾನ್ನ. ಮಠ ಕಟ್ಟಿದವರು ಗೋವಾ ಪ್ರಾಂತ್ಯದ ಜೆಸ್ವಿಟ್ ಗುರುಗಳು. ಅಲ್ಲಿಯ ಗುರುಗಳು ಕಾವಿ ಉಟ್ಟರು, ಮಾಂಸ ಬಿಟ್ಟರು, ಸುತ್ತಲಿನ ಲಿಂಗಾಯತ ಸ್ವಾಮಿಗಳಂತೆ ಬಾಳಿದರು. ಒಳಗೆ ನಡೆಯುವುದು ಮಾತ್ರ ಕಥೋಲಿಕರ ಬಲಿಪೂಜೆ.

ಇದು ಬರೀ ವೇಷದ ಮಾತಲ್ಲ. ಹಳ್ಳಿಯ ಮನುಷ್ಯನೊಬ್ಬ ಪ್ರಾರ್ಥನೆಗೆ ಬಂದಾಗ ಚಪ್ಪಲಿ ಎಲ್ಲಿ ಬಿಡುತ್ತಾನೆ, ಎಲ್ಲಿ ಕೂರುತ್ತಾನೆ, ಯಾರ ಮುಂದೆ ಹೇಗೆ ಬಾಗುತ್ತಾನೆ ಎಂದು ಮೊದಲೇ ಯೋಚಿಸಿ, ಅದಕ್ಕೆ ತಕ್ಕಂತೆ ಜಾಗವನ್ನೂ ನಡೆಯನ್ನೂ ರೂಪಿಸುವ ಕೆಲಸ. ವಿನ್ಯಾಸ ಅಂದ ಕೂಡಲೇ ನಮಗೆ ಕಂಬ, ಗೋಪುರ, ಬಣ್ಣದ ಗಾಜು ನೆನಪಾಗುತ್ತವೆ. ಬಂದವರಿಗೆ ಮೊದಲು ತಾಗುವುದು ನೆಲ.

ಮಠದ ಪ್ರವಚನಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಮಖಾನೆ ಹಾಸಿರುತ್ತದೆ. ಹತ್ತು ಮಂದಿ ಬಂದರೂ ಸರಿ, ನೂರು ಮಂದಿ ಬಂದರೂ ಸರಿ, ಸ್ವಲ್ಪ ಒತ್ತಿಕೊಂಡು ಕೂತರೆ ಎಲ್ಲರಿಗೂ ಜಾಗ. ಕೂಸು ನಿದ್ದೆ ಹೋದರೆ ಪಕ್ಕದಲ್ಲೇ ಮಲಗಿಸಬಹುದು. ಬೆಂಚು ಹಾಗಲ್ಲ. ಅದು ಸಾಲು ಮಾಡುತ್ತದೆ, ಮುಂದಿನವರು ಯಾರು ಹಿಂದಿನವರು ಯಾರು ಎಂದು ತೋರಿಸುತ್ತದೆ. ಚರ್ಚು ಎಂದರೆ ಬೆಂಚು ಇರಲೇಬೇಕು ಎಂದು ನಂಬಿದವರಿಗೆ ಇತಿಹಾಸ ಬೇರೆಯೇ ಹೇಳುತ್ತದೆ. ಯುರೋಪಿನಲ್ಲೂ ನೂರಾರು ವರ್ಷ ಜನ ಚರ್ಚಿನಲ್ಲಿ ನಿಂತೇ ಪೂಜೆ ಕೇಳುತ್ತಿದ್ದರು. ಸಾಲುಬೆಂಚು ಎಲ್ಲೆಡೆ ಬಂದದ್ದು ಮಧ್ಯಯುಗದ ಕೊನೆಗೆ, ದೀರ್ಘ ಉಪದೇಶಗಳ ಕಾಲ ಶುರುವಾದ ಮೇಲೆ. ರಷ್ಯಾದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಇವತ್ತಿಗೂ ಬಹುತೇಕರು ನಿಂತೇ ಇರುತ್ತಾರೆ.

ಜನರ ರೂಢಿಗೆ ತಕ್ಕಂತೆ ಆರಾಧನೆಯನ್ನು ರೂಪಿಸುವ ಯೋಚನೆಗೆ ಕಥೋಲಿಕರಲ್ಲಿ ಬಾಗಿಲು ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್ 4ರಂದು ಆರಾಧನೆಯ ಕುರಿತು ಅದು ಹೊರಡಿಸಿದ ದಸ್ತಾವೇಜು ಲ್ಯಾಟಿನ್ ಜೊತೆಗೆ ಜನರ ಭಾಷೆಗೂ ಜಾಗ ಕೊಟ್ಟಿತು. ಆಮೇಲೆ ಗೋಡೆಗೆ ಅಂಟಿಕೊಂಡಿದ್ದ ಬಲಿಪೀಠ ಮುಂದೆ ಬಂತು, ಬೆನ್ನು ತೋರಿಸುತ್ತಿದ್ದ ಗುರು ಜನರತ್ತ ಮುಖ ಮಾಡಿದ. 1969ರ ಏಪ್ರಿಲ್ 25ರಂದು ರೋಮ್ ಭಾರತಕ್ಕಾಗಿಯೇ ಹನ್ನೆರಡು ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟಿತು.

ಆ ಹನ್ನೆರಡನ್ನು ಓದುವಾಗ ಯಾರೋ ಮನೆಮನೆ ಸುತ್ತಿ ನೋಡಿ ಬರೆದಂತಿದೆ. ಚಪ್ಪಲಿ ಹೊರಗೆ ಬಿಡಬಹುದು. ನೆಲದ ಮೇಲೆ ಕೂರಬಹುದು. ಮಂಡಿಯೂರುವ ಬದಲು ಕೈಮುಗಿಯಬಹುದು, ಪಂಚಾಂಗ ನಮಸ್ಕಾರವನ್ನೂ ಮಾಡಬಹುದು. ಮೇಣದ ಬತ್ತಿಯ ಬದಲು ಎಣ್ಣೆ ದೀಪ, ಗುರುಗಳ ದಪ್ಪ ಪೂಜಾವಸ್ತ್ರದ ಬದಲು ಅಂಗವಸ್ತ್ರದಂಥ ಶಾಲು, ಪೀಠದ ಮೇಲಿನ ಬಟ್ಟೆಯ ಬದಲು ತಟ್ಟೆ. ಹೂವು, ಧೂಪ, ದೀಪಗಳಿಂದ ಆರತಿ. ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಮುತ್ತಿನ ವಿಷಯ. ಯುರೋಪಿನ ಪದ್ಧತಿಯಂತೆ ಗುರುಗಳು ಬಲಿಪೀಠಕ್ಕೂ ಗ್ರಂಥಕ್ಕೂ ಮುತ್ತಿಡುತ್ತಿದ್ದರು. ಅದರ ಬದಲು ಕೈಯಿಂದ ಮುಟ್ಟಿ ಕಣ್ಣಿಗೋ ಹಣೆಗೋ ಒತ್ತಿಕೊಳ್ಳಬಹುದು ಎಂದಾಯಿತು. ಕಾಲಿಗೆ ತಾಕಿದ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುವ ನಮ್ಮ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಈ ಕೆಲಸದ ಹಿಂದಿದ್ದ ಮುಖ್ಯ ವ್ಯಕ್ತಿ ಡಿ. ಎಸ್. ಅಮಲೋರ್ಪವದಾಸ್. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎನ್‌ಬಿಸಿಎಲ್‌ಸಿ ಎಂಬ ಬೈಬಲ್, ಧರ್ಮೋಪದೇಶ, ಆರಾಧನೆಗಳ ರಾಷ್ಟ್ರೀಯ ಕೇಂದ್ರವನ್ನು ನಡೆಸಿದವರು ಅವರು. ಅದರ ಪ್ರಾರ್ಥನಾ ಮಂದಿರವೇ ಒಂದು ಪ್ರಯೋಗ: ನೆಲದ ಮೇಲೆ ಕೂರುವ ವ್ಯವಸ್ಥೆ, ಎಣ್ಣೆ ದೀಪ, ದೇಗುಲದ ನೆನಪು ತರುವ ರಚನೆ. 1944ರಲ್ಲಿ ಪುಣೆಯಲ್ಲಿ ಹುಟ್ಟಿದ ಕಲಾವಿದ ಜ್ಯೋತಿ ಸಾಹಿ ಅಲ್ಲಿಗಾಗಿ ಕಲಾಕೃತಿಗಳನ್ನು ಮಾಡಿಕೊಟ್ಟರು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜೊತೆ ಕೆಲಸ ಮಾಡಿದ್ದ ಸಾಹಿ ಆಮೇಲೆ ಬೆಂಗಳೂರಿನ ಹೊರಗಿನ ಸಿಲ್ವೇಪುರದಲ್ಲಿ ನೆಲೆಸಿ ಕಲಾ ಆಶ್ರಮ ಕಟ್ಟಿದರು. ಅಮಲೋರ್ಪವದಾಸ್ 1979ರಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ಅಂಜಲಿ ಆಶ್ರಮ ಆರಂಭಿಸಿದರು.

ಎಲ್ಲರೂ ಮೆಚ್ಚಲಿಲ್ಲ. ಚರ್ಚಿನೊಳಗಿನ ಸಂಪ್ರದಾಯಸ್ಥರು ಇದನ್ನು ಕಲಬೆರಕೆ ಎಂದರು. ಹೊರಗಿನ ಕೆಲವರಿಗೆ ಇದು ಮತಾಂತರದ ಹೊಸ ಉಪಾಯವಾಗಿ ಕಂಡಿತು. ಮೂರನೆಯ ಟೀಕೆಯೇ ಹೆಚ್ಚು ಚುಚ್ಚುವಂಥದ್ದು, ಅದು ದಲಿತ ಚಿಂತಕರಿಂದ ಬಂತು: ಭಾರತೀಯ ಎಂದರೆ ಸಂಸ್ಕೃತ, ಉಪನಿಷತ್ತು, ಬ್ರಾಹ್ಮಣ ದೇಗುಲ ಅಷ್ಟೆಯೇ? ಯಾವ ಗುಡಿಯ ಒಳಗೆ ತಮ್ಮನ್ನು ಬಿಟ್ಟುಕೊಂಡಿರಲಿಲ್ಲವೋ ಅದೇ ಗುಡಿಯ ಆಕಾರವನ್ನು ಚರ್ಚಿನಲ್ಲಿ ನೋಡಿ ಅವರು ಸಂತೋಷಪಡಬೇಕೆ? ಈ ಪ್ರಶ್ನೆಯ ಎದುರು ದೇಶನೂರಿನ ಆಯ್ಕೆ ಜಾಣತನದ್ದು ಎನಿಸುತ್ತದೆ. ಅದು ಹಿಡಿದದ್ದು ಆ ಸೀಮೆಯ ಕನ್ನಡದ ಮಠವನ್ನು. ಜಾತಿಯ ಲೆಕ್ಕ ಮಠಗಳಲ್ಲೂ ಇಲ್ಲವೆಂದಲ್ಲ.

ವಿವಾದ ಅಲ್ಲಿಗೂ ಬಂತು. 2021ರ ಆಗಸ್ಟ್ 29ರಂದು, ಅರುಳಪ್ಪನವರ ಶಿರಚ್ಛೇದನದ ಸ್ಮರಣೆಯ ದಿನ, ದೇಶನೂರಿಗೆ ಬಂದ ಬೆಳಗಾವಿಯ ಬಿಷಪ್ ಡೆರೆಕ್ ಫೆರ್ನಾಂಡಿಸ್ ಕಾವಿ ತೊಟ್ಟು ಹಣೆಗೆ ತಿಲಕವಿಟ್ಟಿದ್ದ ಫೋಟೊಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದವು. ಕಥೋಲಿಕರೇ ಜಗಳವಾಡಿದರು. ದೂರದವರಿಗೆ ಅದು ಹೊಸ ಸುದ್ದಿ, ಊರವರಿಗೆ ಹಳೆಯ ರೂಢಿ.

ಪ್ರೊಟೆಸ್ಟಂಟರು ಇದೇ ಸೀಮೆಯಲ್ಲಿ ಬೇರೆ ದಾರಿ ಹಿಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಂತೆ ನಮ್ಮ ಗುಳೇದಗುಡ್ಡದಲ್ಲೂ ಬಾಸೆಲ್ ಮಿಷನ್ ನೆಲೆಯೂರಿತ್ತು. ಅವರ ಆರಾಧನೆ ಸರಳ: ಉಪದೇಶ, ಹಾಡು, ಓದು. ಹಾಗಾಗಿ ಅವರ ವಿನ್ಯಾಸದ ಬುದ್ಧಿಯೆಲ್ಲ ಓದಲು ಬರುವ ಅಕ್ಷರದ ಕಡೆಗೂ ತಲೆಯ ಮೇಲಿನ ಸೂರಿನ ಕಡೆಗೂ ಹರಿಯಿತು. ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದ ಜಾರ್ಜ್ ಪ್ಲೆಬ್‌ಸ್ಟ್ ಅವರೇ 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆ ಹೆಂಚು ಚರ್ಚು, ಶಾಲೆ, ರೈಲು ನಿಲ್ದಾಣ ಎಲ್ಲವನ್ನೂ ಹೊದಿಸಿತು. ಅದೇ ಮಿಷನ್ನಿನ, ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಕೇಳುಗನ ಕಿವಿಗೆ ಯಾವ ಲಯ ಒಗ್ಗುತ್ತದೆ ಎಂದು ನೋಡುವುದೂ ವಿನ್ಯಾಸವೇ.

ಈಗ ಚರ್ಚುಗಳ ಮುಂದಿರುವ ತೊಂದರೆ ಇಷ್ಟು ಘನವಾದದ್ದಲ್ಲ, ಆದರೆ ಹಟಮಾರಿ: ಮೊಣಕಾಲು. ನೆಲದ ಮೇಲಿನ ಕೂಟ ಎಳೆಯರಿಗೆ ಸಲೀಸು. ಎಪ್ಪತ್ತು ದಾಟಿದ ಅಜ್ಜಿಗೆ ಕೂತರೆ ಏಳಲಾಗದು. ಗೋಡೆಗೆ ಪ್ಲಾಸ್ಟಿಕ್ ಕುರ್ಚಿ ಸಾಲಿಟ್ಟರೆ ಹಿರಿಯರೆಲ್ಲ ಅಂಚಿಗೆ ಸರಿಯುತ್ತಾರೆ, ಫ್ಯಾನು ನಡುವೆ ತಿರುಗುತ್ತಿರುತ್ತದೆ, ಧ್ವನಿವರ್ಧಕ ಕಿವಿಗೆ ಬಡಿಯುತ್ತದೆ. ಮಧ್ಯದಲ್ಲಿಟ್ಟರೆ ಹಿಂದೆ ನೆಲದ ಮೇಲೆ ಕೂತವರಿಗೆ ಪೀಠ ಕಾಣುವುದಿಲ್ಲ. ಎರಡೂ ಬದಿಯಲ್ಲಿ ಗಿಡ್ಡ ಕಟ್ಟೆ ಕಟ್ಟಿಸಿ, ಪೀಠವನ್ನು ಒಂದು ಮೆಟ್ಟಿಲು ಎತ್ತರಿಸಿ, ಬಾಗಿಲಲ್ಲಿ ಮೆಟ್ಟಿಲ ಪಕ್ಕ ಇಳಿಜಾರು ಮಾಡಿ, ಹಿಡಿದುಕೊಳ್ಳಲು ಒಂದು ಕಂಬಿ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ. ಇದಕ್ಕೆ ರೋಮ್‌ನ ಒಪ್ಪಿಗೆ ಬೇಕಿಲ್ಲ, ಊರಿನ ಗೌಂಡಿ ಸಾಕು.