ಚಿಂತೆಯನ್ನು ದೇವರಿಗೆ ಬಿಡುವುದು ಎಂದರೇನು? ಹೈದರಾಬಾದ್‌ನ ಹೆಬ್ರೋನ್ ಹೇಳುವ ಕಥೆ

ಹೈದರಾಬಾದ್: ತಿಂಗಳಿಗೆ ಇಷ್ಟು ಎಂಬ ಸಂಬಳ ಇಲ್ಲ. ಹಣ ಬೇಕು ಎಂದು ಯಾರ ಮುಂದೆಯೂ ಕೈಚಾಚುವಂತಿಲ್ಲ. ಆದರೆ ಊರೂರುಗಳಿಂದ ಬಂದ ಸಾವಿರಾರು ಜನರಿಗೆ ದಿನಗಟ್ಟಲೆ ಊಟ ಹಾಕಬೇಕು. ಇಂಥ ಸ್ಥಿತಿಯಲ್ಲಿ ಯಾರಿಗಾದರೂ ರಾತ್ರಿ ನಿದ್ದೆ ಬಂದೀತೇ?

ಹೈದರಾಬಾದ್‌ನ ಗೋಲ್ಕೊಂಡ ಕ್ರಾಸ್ ರೋಡ್ಸ್ ಬಳಿ ಇರುವ ಹೆಬ್ರೋನ್ ಎಂಬ ಪ್ರಾರ್ಥನಾ ಕೇಂದ್ರದಲ್ಲಿ ಒಬ್ಬರು ದಶಕಗಳ ಕಾಲ ಹೀಗೆಯೇ ಬದುಕಿದರು. ಅವರೇ ಬಖ್ತ್ ಸಿಂಗ್. 1903ರಲ್ಲಿ ಪಂಜಾಬ್‌ನ ಸಿಖ್ ಕುಟುಂಬವೊಂದರಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಲು ಇಂಗ್ಲೆಂಡ್‌ಗೆ, ಬಳಿಕ ಕೆನಡಾಕ್ಕೆ ಹೋದವರು. ಅಲ್ಲಿಯೇ ಕ್ರೈಸ್ತರಾಗಿ 1933ರಲ್ಲಿ ಭಾರತಕ್ಕೆ ಮರಳಿದರು. ಮುಂದೆ ಹೆಬ್ರೋನ್ ಅವರ ಸೇವೆಯ ಕೇಂದ್ರವಾಯಿತು. ಯಾವ ವಿದೇಶಿ ಮಿಷನ್‌ನ ಸಂಬಳವನ್ನೂ ಅವರು ನೆಚ್ಚಿಕೊಳ್ಳಲಿಲ್ಲ. ಅಗತ್ಯಗಳನ್ನು ದೇವರ ಮುಂದೆ ಮಾತ್ರ ಹೇಳುವುದು, ಮನುಷ್ಯರ ಮುಂದೆ ಹೇಳದಿರುವುದು ಅವರ ನಿಯಮವಾಗಿತ್ತು. ವಾರ್ಷಿಕ ಸಮಾವೇಶಗಳಿಗೆ ಬಂದವರೆಲ್ಲ ಚಾಪೆಯ ಮೇಲೆ ಸಾಲಾಗಿ ಕುಳಿತು ಉಚಿತವಾಗಿ ಉಣ್ಣುತ್ತಿದ್ದರು.

ಇದನ್ನು ಕೇಳಿದವರಿಗೆ ಇದು ಸಂತರಿಗೆ ಮಾತ್ರ ಆಗುವ ಕೆಲಸ ಎನಿಸಬಹುದು. ಹೈಟೆಕ್ ಸಿಟಿಯಲ್ಲಿ ಕೆಲಸ ಮಾಡಿಕೊಂಡು, ಮನೆ ಸಾಲದ ಇಎಂಐ ಕಟ್ಟುತ್ತಾ, ಊರಲ್ಲಿರುವ ಅಪ್ಪ-ಅಮ್ಮನ ಆರೋಗ್ಯದ ಬಗ್ಗೆ ಯೋಚಿಸುವವರಿಗೆ ದೇವರ ಮೇಲೆ ಭಾರ ಹಾಕಿ ಎಂದರೆ ಏನರ್ಥ?

ಬೈಬಲ್‌ನಲ್ಲಿ ಈ ವಿಷಯಕ್ಕೆ ಹೆಚ್ಚಾಗಿ ನೆನಪಿಸುವುದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯವನ್ನು. ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ ಯೇಸು ಚಿಂತೆಯ ಬಗ್ಗೆ ಮಾತನಾಡುವ ಭಾಗ ಅದು. ಬೆಟ್ಟದ ಮೇಲಿನ ಮರವನ್ನೂ ಕಲ್ಲಿನೊಳಗಿನ ಕಪ್ಪೆಯನ್ನೂ ತೋರಿಸಿ ತಲ್ಲಣಿಸುವ ಮನಸ್ಸಿಗೆ ಸಮಾಧಾನ ಹೇಳಿದ ಕನಕದಾಸರನ್ನು ಬಲ್ಲ ಕನ್ನಡಿಗರಿಗೆ ಈ ದಾಟಿ ಹೊಸದೇನಲ್ಲ. ಒಂದು ಮಾತು ಗಮನಿಸಿ, ಹಕ್ಕಿ ಕಣಜ ಕಟ್ಟುವುದಿಲ್ಲ ನಿಜ, ಆದರೆ ಗೂಡಿನಲ್ಲಿ ಬಾಯಿ ತೆರೆದುಕೊಂಡೂ ಕೂರುವುದಿಲ್ಲ. ಬೆಳಗಾದರೆ ಕಾಳು ಹುಡುಕಿ ಹೊರಡುತ್ತದೆ. ಯೇಸು ಬೇಡ ಎಂದದ್ದು ನಾಳೆಯ ಭಾರವನ್ನೂ ಇವತ್ತೇ ಹೊರುವುದನ್ನು.

ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆಯಲ್ಲಿ ಚಿಂತೆಗೆ ಇರುವ ಪದ ಮೆರಿಮ್ನಾ. ಭಾಗವಾಗುವುದು ಎಂಬ ಅರ್ಥದ ಪದದೊಂದಿಗೆ ಇದಕ್ಕೆ ನಂಟು ಕಲ್ಪಿಸಿ ಬೋಧಕರು ವಿವರಿಸುವುದುಂಟು. ಮನಸ್ಸು ಇಬ್ಭಾಗವಾಗಿ, ಅರ್ಧ ಇಲ್ಲಿ, ಅರ್ಧ ಇನ್ನೂ ಬಾರದ ನಾಳೆಯಲ್ಲಿ ಇರುವ ಸ್ಥಿತಿ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮೊಬೈಲ್ ನೋಡುವವರಿಗೆ ಇದರ ಅನುಭವ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಪದ ಇದಕ್ಕಿಂತ ಸ್ವಾರಸ್ಯಕರ. ಪೇತ್ರನು ತನ್ನ ಮೊದಲ ಪತ್ರದಲ್ಲಿ ಚಿಂತೆಯನ್ನು ದೇವರ ಮೇಲೆ ಹಾಕಿಬಿಡಬೇಕೆನ್ನುವಾಗ ಬಳಸುವ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಇನ್ನೊಂದು ಕಡೆ ಲೂಕನ ಸುವಾರ್ತೆ. ಅಲ್ಲಿ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಬೆನ್ನ ಮೇಲೆ ಹಾಕುತ್ತಾರೆ. ಅಂದರೆ ಚಿಂತೆ ಇಲ್ಲ ಎಂದು ನಟಿಸುವುದಲ್ಲ, ಹೊತ್ತಿದ್ದನ್ನು ತೆಗೆದು ಬೇರೆ ಬೆನ್ನಿಗೆ ದಾಟಿಸುವುದು. ಹೇಗೆ ದಾಟಿಸುವುದು ಎಂಬುದನ್ನು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ: ಬೇಕಾದ್ದನ್ನು ದೇವರ ಬಳಿ ಹೆಸರಿಟ್ಟು ಕೇಳುವುದು, ಜತೆಗೇ ಈಗಾಗಲೇ ಸಿಕ್ಕಿದ್ದಕ್ಕೆ ಕೃತಜ್ಞತೆ ಹೇಳುವುದು. ಆ ಪತ್ರ ಬರೆಯುವಾಗ ಅವನು ಸೆರೆಯಲ್ಲಿದ್ದ. ಹಾಯಾಗಿ ಕುಳಿತವನ ಉಪದೇಶ ಅದಲ್ಲ.

ಒತ್ತಡಕ್ಕೆ ಬೈಬಲ್ ಕೊಡುವ ಮದ್ದು ಪ್ರಾರ್ಥನೆ ಮಾತ್ರವೇ? ಅಲ್ಲ. ಪ್ರವಾದಿ ಎಲೀಯನ ಕಥೆ ನೋಡಿ. ರಾಣಿಯ ಬೆದರಿಕೆಗೆ ಹೆದರಿ ಓಡಿದ ಆತ ಅಡವಿಯಲ್ಲಿ ಗಿಡವೊಂದರ ಕೆಳಗೆ ಕುಸಿದು, ಸಾವು ಬಂದರೆ ಸಾಕು ಎಂದು ಬೇಡಿಕೊಳ್ಳುತ್ತಾನೆ. ದೇವದೂತನು ಆಗ ಗದರಲಿಲ್ಲ, ನಿನ್ನ ನಂಬಿಕೆ ಎಲ್ಲಿ ಎಂದೂ ಕೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ. ಎರಡನೇ ಬಾರಿಯೂ ಎಬ್ಬಿಸಿ ಉಣ್ಣಿಸಿದ ಮೇಲೆಯೇ ಮುಂದಿನ ದಾರಿ. ಊಟ ಮತ್ತು ನಿದ್ದೆಯನ್ನು ಭಕ್ತಿಗಿಂತ ಕೀಳಾಗಿ ಕಾಣುವವರು ಓದಲೇಬೇಕಾದ ಅಧ್ಯಾಯ ಇದು.

ಎಲ್ಲ ನಂಬಿಕೆಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎನ್ನುವುದನ್ನು ಅಮೆರಿಕದ ಮನಃಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಹೋದ್ಯೋಗಿಗಳು 1988ರಲ್ಲೇ ತೋರಿಸಿದ್ದರು. ಚರ್ಚ್ ಸದಸ್ಯರು ಸಮಸ್ಯೆ ಎದುರಿಸುವ ಮೂರು ಬಗೆಗಳನ್ನು ಅವರು ಗುರುತಿಸಿದರು. ಕೆಲವರು ದೇವರು ಕೊಟ್ಟ ಶಕ್ತಿಯಿಂದ ತಾವೇ ಬಗೆಹರಿಸಿಕೊಳ್ಳುತ್ತಾರೆ. ಕೆಲವರು ಎಲ್ಲವನ್ನೂ ದೇವರಿಗೆ ಬಿಟ್ಟು ಕಾಯುತ್ತಾರೆ. ಇನ್ನು ಕೆಲವರು ದೇವರನ್ನು ಜತೆಗಾರನಂತೆ ಕಂಡು, ತಮ್ಮ ಪಾಲಿನ ಕೆಲಸ ತಾವು ಮಾಡುತ್ತಾರೆ. ಜತೆಗಾರನ ದಾರಿ ಹಿಡಿದವರಲ್ಲಿ ಆತ್ಮವಿಶ್ವಾಸ ಹೆಚ್ಚು, ಸುಮ್ಮನೆ ಕಾಯುವವರಲ್ಲಿ ಕಡಿಮೆ ಕಂಡುಬಂತು.

ಹೈದರಾಬಾದ್‌ನಿಂದ ಸುಮಾರು 100 ಕಿ.ಮೀ. ದೂರದ ಮೇದಕ್ ಕೆಥೆಡ್ರಲ್ ಈ ಮೂರನೇ ದಾರಿಗೆ ಕಲ್ಲಿನ ಸಾಕ್ಷಿ ಎನ್ನಬಹುದು. ಬರಗಾಲದಲ್ಲಿ ಹಸಿದು ಬಂದವರಿಗೆ ಮಿಷನರಿ ಚಾರ್ಲ್ಸ್ ಪಾಸ್ನೆಟ್ ಕಟ್ಟಡದ ಕೆಲಸ ಕೊಟ್ಟು ಅನ್ನಕ್ಕೆ ದಾರಿ ಮಾಡಿದರು ಎಂಬುದು ಅಲ್ಲಿ ಇಂದಿಗೂ ಹೇಳುವ ಇತಿಹಾಸ. 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠಾಪನೆಯಾಯಿತು.

ಮತ್ತೆ ಹೆಬ್ರೋನ್‌ಗೆ ಬರೋಣ. ಬಖ್ತ್ ಸಿಂಗ್ ಅವರ ಕೊನೆಯ ವರ್ಷಗಳು ಸುಲಭದವಾಗಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಅವರನ್ನು ಹಾಸಿಗೆಗೆ ಕಟ್ಟಿಹಾಕಿತ್ತು. ಜೀವನವಿಡೀ ದೇವರನ್ನು ನೆಚ್ಚಿದವರಿಗೂ ಕಾಯಿಲೆ ಬಂತು. ಬೇರೆಯವರ ಆರೈಕೆಯೂ ಬೇಕಾಯಿತು. 2000ರ ಸೆಪ್ಟೆಂಬರ್ 17ರಂದು ಅವರು ಹೈದರಾಬಾದ್‌ನಲ್ಲಿ ಕೊನೆಯುಸಿರೆಳೆದರು.

ದೇಹಕ್ಕೆ ಕಾಯಿಲೆ ಬಂದರೆ ನಂಬಿಕೆ ಕಡಿಮೆಯಾಯಿತು ಎಂದು ಯಾರೂ ಹೇಳುವುದಿಲ್ಲ. ಆದರೆ ಮನಸ್ಸಿಗೆ ಕಾಯಿಲೆ ಬಂದಾಗ ಇಂಥ ಮಾತು ಸಲೀಸಾಗಿ ಬಂದುಬಿಡುತ್ತದೆ. ಪ್ರಾರ್ಥಿಸಿದರೂ ಭಯ ಹೋಗುತ್ತಿಲ್ಲ ಎನ್ನುವವರಿಗೆ ಮೊದಲಿನ ಚಿಂತೆಯ ಜತೆ ಅಪರಾಧಿ ಭಾವವೂ ಸೇರುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುತ್ತಲೇ ಇದ್ದರೆ, ಬದುಕೇ ಬೇಡವೆನಿಸಿದರೆ ಅದು ವೈದ್ಯರು ನೋಡಬೇಕಾದ ವಿಷಯ. ವೈದ್ಯರು ಕೊಟ್ಟ ಮಾತ್ರೆಯನ್ನು, ಯಾರೋ ಪ್ರಾರ್ಥನೆ ಸಾಕು ಎಂದರೆಂದು, ತಾವಾಗಿಯೇ ನಿಲ್ಲಿಸಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡ ಮತ್ತು ತೆಲುಗು ಎರಡರಲ್ಲೂ ಮಾತನಾಡಬಹುದು.