ಚೆಂಡೆಯ ಸದ್ದು ಗೆರೆಯಾಯಿತು

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೊರಟರೆ ತುಂಗೆಯ ಪಕ್ಕದಲ್ಲೇ ನೆಮ್ಮಾರ್ ಸಿಗುತ್ತದೆ. ಮುಂದೆ ಕೆರೆಕಟ್ಟೆ ದಾಟಿ ಘಟ್ಟ ಇಳಿದರೆ ಕರಾವಳಿ. ಆಟದ ಮೇಳಗಳು ಘಟ್ಟ ಹತ್ತಿ ಬಂದು ಮಲೆನಾಡಿನಲ್ಲೂ ಚೆಂಡೆ ಬಾರಿಸುತ್ತವೆ. ನಿದ್ದೆಗಣ್ಣಿನಲ್ಲಿ ಅಜ್ಜನ ತೊಡೆಗೊರಗಿ ಆಟ ನೋಡಿದ ಮಕ್ಕಳು ಇಲ್ಲಿ ಬಹಳ ಮಂದಿ. ಹಾಗೆ ಆಟ ನೋಡುತ್ತ ಬೆಳೆದ ಹುಡುಗನೊಬ್ಬ ಮುಂದೆ ದೊಡ್ಡ ಚಿತ್ರಕಾರನಾದ. ಅವರೇ ಕೆ. ಕೆ. ಹೆಬ್ಬಾರ್.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ. ಚೌತಿ ಬಂತೆಂದರೆ ತಂದೆ ಮಣ್ಣಿನಲ್ಲಿ ಗಣಪತಿ ಮಾಡುತ್ತಿದ್ದರು. ಮುದ್ದೆ ಮಣ್ಣಿಗೆ ಸೊಂಡಿಲು, ಹೊಟ್ಟೆ ಮೂಡುವುದನ್ನು ಮನೆಯಲ್ಲೇ ನೋಡಬಹುದಿತ್ತು. ಹೊರಗೆ ಯಕ್ಷಗಾನ, ಭೂತದ ಕೋಲ, ರಥೋತ್ಸವ. ಕೆಂಪು, ಹಳದಿ, ಕಪ್ಪು ಬಣ್ಣಗಳು, ಹೊಳೆಯುವ ಕಿರೀಟ, ಗಿರಗಿರನೆ ತಿರುಗುವ ವೇಷ! ಇವೇ ಅವರ ಮೊದಲ ಪಾಠಗಳು.

ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲೇ ಕಲಿಸಿದರು. ಅಲ್ಲಿನ ಪಾಠ ಪಾಶ್ಚಾತ್ಯ ರೀತಿಯದು. ಎದುರಿಗಿದ್ದುದನ್ನು ಇದ್ದ ಹಾಗೆಯೇ ಬಿಡಿಸುವ ಕೈಚಳಕ ಅವರಿಗೆ ಬಂತು. ಆದರೆ ಸಮಾಧಾನ ಬರಲಿಲ್ಲ. ಕೈ ಪಳಗಿತ್ತು ನಿಜ, ಚಿತ್ರ ಮಾತ್ರ ತನ್ನದಾಗಿರಲಿಲ್ಲ. ಬಂದ ವಿದ್ಯೆಯನ್ನೇ ನೆಚ್ಚಿಕೊಂಡು ಕೂರಬಹುದಿತ್ತು. ಅವರು ಕೂರಲಿಲ್ಲ. ಜೈನ ಹಸ್ತಪ್ರತಿಗಳ ಚಿತ್ರ, ರಜಪೂತರ ಕಿರುಚಿತ್ರಗಳನ್ನು ಕಣ್ಣಿಟ್ಟು ನೋಡಿದರು. ಪ್ಯಾರಿಸ್ಸಿಗೂ ಹೋಗಿ ಕಲಿತರು.

ಇನ್ನೊಂದು ವಿಶೇಷ ಕೇಳಿ. ಲಯವೆಂದರೇನು ಎಂದು ತಿಳಿಯಲು ಅವರು ದೊಡ್ಡವರಾದ ಮೇಲೆ ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ನೃತ್ಯ ಕಲಿತರು! ವೇದಿಕೆ ಹತ್ತಲಿಕ್ಕಲ್ಲ, ಗೆರೆ ಎಳೆಯಲಿಕ್ಕೆ. ನರ್ತಕಿಯ ತಿರುಗು, ವಾದ್ಯಗಾರನ ಬಾಗು ಅವರ ಕೈಯಲ್ಲಿ ನಾಲ್ಕಾರು ಗೆರೆಗಳಲ್ಲೇ ಮೂಡುತ್ತಿತ್ತು. ಅದಕ್ಕೇ ಅವುಗಳಿಗೆ ‘ಹಾಡುವ ರೇಖೆ’ ಎಂಬ ಹೆಸರು ಬಂತು. ಬಾಲ್ಯದಲ್ಲಿ ಕಿವಿಗೆ ಬಿದ್ದ ತಾಳ ಹೀಗೆ ಬೆರಳಿಗೆ ಇಳಿದಿತ್ತು.

ಹಳ್ಳಿಯ ಜನ, ದುಡಿಮೆ, ಹಬ್ಬ, ಹಸಿವು ಎಲ್ಲವೂ ಅವರ ಚಿತ್ರಗಳಿಗೆ ಬಂದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ದೊರೆತವು. 1996ರಲ್ಲಿ ಅವರು ತೀರಿಕೊಂಡರು. ತಮ್ಮ ಹಲವು ಚಿತ್ರಗಳನ್ನು ನಾಡಿಗೇ ಕೊಟ್ಟಿದ್ದಾರೆ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಹೆಸರಿನದೇ ಒಂದು ವಿಭಾಗವಿದೆ.

ಮಕ್ಕಳೇ, ಈ ಸಲ ನಿಮ್ಮೂರಲ್ಲಿ ಆಟವಾದರೆ ಜೇಬಿನಲ್ಲೊಂದು ಪೆನ್ಸಿಲ್ ಇರಲಿ. ವೇಷ ಕುಣಿಯುವಾಗ ಮುಖ, ಒಡವೆ ಬಿಡಿಸಲು ಹೋಗಬೇಡಿ. ಕಣ್ಣು ಕುಣಿತದ ಮೇಲಿರಲಿ, ಪೆನ್ಸಿಲ್ ಎತ್ತದೆ ಒಂದೇ ಗೆರೆ ಎಳೆಯಿರಿ. ಸೊಟ್ಟಗಾದರೆ ಆಗಲಿ. ಬೆಳಿಗ್ಗೆ ಎದ್ದು ಮನೆಯವರಿಗೆ ತೋರಿಸಿ. ಅದು ಯಾವ ವೇಷವೆಂದು ಅಜ್ಜನಿಗೆ ಗೊತ್ತಾದರೆ, ನಿಮ್ಮ ಗೆರೆಯೂ ಹಾಡಲು ಶುರುಮಾಡಿದೆ ಎಂದೇ ಅರ್ಥ.