ಕಾರಿನ ಚಕ್ರ, ಗಾಡಿಯ ಅಚ್ಚು

ಕನಕಪುರದಿಂದ ಸಂಗಮಕ್ಕೆ ಸಾಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಂಥ ಊರುಗಳಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರವು ಹಿಂದೆ ಸರಿದು ಟೈರ್ ಗಾಡಿ ಬಂದುದು ಹಿರಿಯರ ನೆನಪಿನಲ್ಲಿರುವ ಸಂಗತಿ. ಹೊಸ ಗಾಡಿಯ ಬೆಲೆ ಎಟುಕದ ರೈತನು ಗುಜರಿಗೆ ಬಿದ್ದ ಕಾರು, ಜೀಪುಗಳ ಚಕ್ರಗಳನ್ನು ತಂದು ಜೋಡಿಸಿಕೊಳ್ಳುವುದು ಕರ್ನಾಟಕದ ಹಳ್ಳಿಗಾಡಿನಲ್ಲಿ ಹೊಸತಲ್ಲ. ಮೇಲ್ನೋಟಕ್ಕೆ ಸುಲಭವೆನಿಸುವ ಈ ಕಾರ್ಯದಲ್ಲಿ ಎಡವುವುದು ಚಕ್ರದ ನಡುವಿನ ತೂತುಗಳ ಬಳಿ.

ಮರದ ಚಕ್ರವು ತನ್ನ ಗುಂಬದ ಮೂಲಕ ಅಚ್ಚನ್ನೇರಿ, ಕಡಾಣಿಯ ತಡೆಯಿಂದ ನಿಲ್ಲುತ್ತಿತ್ತು. ಮೋಟಾರಿನ ಚಕ್ರದ ರೀತಿಯೇ ಬೇರೆ. ಅದರ ಉಕ್ಕಿನ ತಟ್ಟೆಯನ್ನು ಹಬ್ಬಿನ ಮುಖಕ್ಕೆ ಒತ್ತಿ ನಟ್ಟುಗಳಿಂದ ಬಿಗಿಯುತ್ತಾರೆ. ಆ ಬಿಗಿತದಿಂದ ಎರಡು ಲೋಹಮುಖಗಳ ನಡುವೆ ಹುಟ್ಟುವ ಹಿಡಿತವೇ ಭಾರವನ್ನು ತಾಳುವುದು; ಹಿಡಿತ ಸಡಿಲವಾದೊಡನೆ ಸ್ಟಡ್ಡುಗಳು ಒಂದೊಂದಾಗಿ ಮುರಿಯತೊಡಗುತ್ತವೆ.

ತೂತುಗಳು ಒಂದು ವೃತ್ತದ ಮೇಲಿದ್ದು, ಅದರ ವ್ಯಾಸವು ವಾಹನದಿಂದ ವಾಹನಕ್ಕೆ ಬೇರೆಯಾಗುತ್ತದೆ. ಫಿಯೆಟ್ ಉನೊ ಕಾರಿನಲ್ಲಿ ನಾಲ್ಕು ತೂತು, 98 ಮಿಲಿಮೀಟರ್. ಮಾರುತಿ 800ರಲ್ಲಿಯೂ ನಾಲ್ಕೇ, ಆದರೆ 114.3, ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಐದು, 139.7. ಮೊದಲೆರಡನ್ನು ಹೋಲಿಸಿದರೆ ಪ್ರತಿ ತೂತೂ ಸರಿಯಬೇಕಾದುದು ಸುಮಾರು 8 ಮಿಲಿಮೀಟರ್ ಮಾತ್ರ. ಸ್ಟಡ್ಡಿನ ದಪ್ಪ 12 ಆದುದರಿಂದ ಹೊಸ ತೂತು ಹಳೆಯದರೊಳಕ್ಕೇ ನುಗ್ಗುತ್ತದೆ. ಅರದಿಂದ ಉಜ್ಜಿ ತೂತನ್ನು ಉದ್ದಮಾಡುವವರುಂಟು. ಇದರಷ್ಟು ಕೆಟ್ಟ ಉಪಾಯ ಬೇರೊಂದಿಲ್ಲ. ಚಕ್ರವನ್ನು 45 ಡಿಗ್ರಿ ತಿರುಗಿಸಿ ಹಳೆಯ ತೂತುಗಳ ನಡುವೆ ಕೊರೆಯಬಹುದಾದರೂ, ನಟ್ಟಿನ ಓರೆಮುಖ ಕೂರಲು ಕಾರ್ಖಾನೆಯಲ್ಲಿ ಒತ್ತಿ ಎಬ್ಬಿಸಿದ ಬಟ್ಟಲಿನಂಥ ಅಂಚು ಅಲ್ಲಿರುವುದಿಲ್ಲ. ವೇಗದಲ್ಲಿ ಓಡುವ ಕಾರಿಗೆ ಇಂಥ ಚಕ್ರವನ್ನು ತೊಡಿಸುವುದು ಪ್ರಾಣದೊಡನೆ ಆಟ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯೂ ಮನಬಂದ ಮಾರ್ಪಾಟಿಗೆ ಅವಕಾಶ ಕೊಡುವುದಿಲ್ಲ.

ಎತ್ತಿನ ಗಾಡಿಗಾದರೋ ದಾರಿ ಸರಳವಾಗಿದೆ. ಚಕ್ರವನ್ನು ಮುಟ್ಟದೆ, ಅದರ ತೂತುಗಳಿಗೆ ಹೊಂದುವ ಹಬ್ಬನ್ನೇ ಲೇತಿನಲ್ಲಿ ಕಡೆಸಿ, ಎರಡು ಬೇರಿಂಗುಗಳೊಡನೆ ಅಚ್ಚಿಗೆ ಕೂರಿಸಬೇಕು. ಚಕ್ರದ ನಡುಗೆರೆ ಆ ಬೇರಿಂಗುಗಳ ನಡುವೆ ಬೀಳಬೇಕು. ಹೊರಕ್ಕೆ ಚಾಚಿದಷ್ಟೂ ಅಚ್ಚು ಬಾಗುವ ಭಯ ಹೆಚ್ಚು.

ಇಷ್ಟಾದರೂ ಎತ್ತುಗಳ ಪಾಡು ಉಳಿಯಿತು. ಮರದ ಚಕ್ರದ ಎತ್ತರ ನಾಲ್ಕೈದು ಅಡಿ. ಜೀಪಿನದು ಎರಡೂವರೆ ಅಡಿಗೂ ಕಡಿಮೆ. ಗಾಡಿಯ ಹಾಸನ್ನು ನೇರವಾಗಿ ಅಚ್ಚಿನ ಮೇಲಿಟ್ಟರೆ ಅದು ಹಿಂದಕ್ಕೆ ವಾಲುತ್ತದೆ, ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಆದುದರಿಂದ ಅಚ್ಚಿನ ಮೇಲೆ ಗೂಟ ಕೊಟ್ಟು ಹಾಸನ್ನು ಎತ್ತರಿಸಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ಬಹುಕಾಲ ದುಡಿದವರು. ನೊಗದಿಂದ ಎತ್ತಿನ ಕೊರಳಿಗೆ ಆಗುವ ಗಾಯವನ್ನು ಅವರು ಮತ್ತೆ ಮತ್ತೆ ಎತ್ತಿ ಹೇಳಿದರು.

ಸಂಗಮದ ಕಡೆಗೆ ಇಳಿಯುವ ರಸ್ತೆಯಲ್ಲಿ ಇನ್ನೊಂದು ಅಪಾಯವಿದೆ. ಮರದ ಚಕ್ರದ ತಿಕ್ಕಾಟವೇ ಇಳಿಜಾರಿನಲ್ಲಿ ತುಸು ತಡೆಯಾಗುತ್ತಿತ್ತು. ಬೇರಿಂಗಿನ ಮೇಲೆ ಹಗುರವಾಗಿ ಉರುಳುವ ಚಕ್ರವಾದರೆ ಹೊರೆಯೆಲ್ಲವನ್ನೂ ಎತ್ತುಗಳ ಬೆನ್ನಿಗೆ ತಳ್ಳುತ್ತದೆ. ಹಬ್ಬು ಕಡೆಸುವಾಗಲೇ ಬ್ರೇಕಿಗೂ ಜಾಗ ಬಿಡಿಸಿಕೊಳ್ಳತಕ್ಕದ್ದು. ಮೊದಲ ದಿನದ ಓಡಾಟ ಮುಗಿದೊಡನೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯತಕ್ಕದ್ದು.